ಎಲ್ಲವೂ ರನ್ನಿಂಗ್

ಇಂಗ್ಲಿಷಿನ ‘ರನ್’ ಎಂಬ ಪುಟ್ಟ ಕ್ರಿಯಾಪದಕ್ಕೆ 645 ಅರ್ಥಗಳಿವೆಯಂತೆ. ಲೆಕ್ಕ ನನ್ನದಲ್ಲ, ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರದು. ಅಲ್ಲಿನ ಸಂಪಾದಕ ಪೀಟರ್ ಗಿಲಿವರ್ ಈ ಒಂದೇ ಪದವನ್ನು ಕಟ್ಟಿಕೊಂಡು ಒಂಬತ್ತು ತಿಂಗಳಿಗೂ ಮೇಲೆ ಒದ್ದಾಡಿದರು. ನಮ್ಮ ಶಾಲೆಗಳಲ್ಲಿ ಅಷ್ಟೆಲ್ಲ ತಾಪತ್ರಯವಿಲ್ಲ. ಮೇಷ್ಟ್ರು ‘ರನ್’ ಅಂದರೆ ಮಕ್ಕಳು ಒಕ್ಕೊರಲಿನಿಂದ ‘ರನ್, ರ‍್ಯಾನ್, ರನ್’ ಅನ್ನುತ್ತವೆ. ಅಲ್ಲಿಗೆ ಆ ಪದ ಮುಗಿಯಿತು, ಮುಂದಿನದು ‘ಸೇ, ಸೆಡ್, ಸೆಡ್’. ಉಳಿದ 644 ಅರ್ಥಗಳು ಸಿಲಬಸ್ಸಿನಿಂದ ಆಚೆ. ಪರೀಕ್ಷೆಗೆ ಬರುವುದಿಲ್ಲ.

ಆ ಒಂದು ಅರ್ಥವನ್ನಾದರೂ ಹೇಗೆ ಕಲಿಸುತ್ತೇವೆ ಅಂತೀರಿ! ಪುಸ್ತಕದ ಚಿತ್ರದಲ್ಲಿ ಚಡ್ಡಿ ಹಾಕಿಕೊಂಡ ಹುಡುಗನೊಬ್ಬ ಓಡುತ್ತಿರುತ್ತಾನೆ. ಎಲ್ಲಿಗೆ, ಯಾಕೆ, ಯಾರು ಅಟ್ಟಿಸಿಕೊಂಡು ಬಂದರು, ಒಂದೂ ಗೊತ್ತಿಲ್ಲ. ‘ಹಿ ರನ್ಸ್ ಫಾಸ್ಟ್’, ಅಷ್ಟೆ. ನಮ್ಮ ಕಾಲದವರು ಐದನೇ ಕ್ಲಾಸಿನಲ್ಲಿ ಎಬಿಸಿಡಿ ಮುಗಿಸಿಕೊಂಡು ಈ ಹುಡುಗನ ಮುಖ ನೋಡಿದೆವು. 2007-08ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಗೇ ಇಂಗ್ಲಿಷ್ ಬಂತು. ಹಾಗಾಗಿ ಅವನು ಈಗ ನಾಲ್ಕು ವರ್ಷ ಮುಂಚೆಯೇ ಓಡಲು ಶುರು ಮಾಡುತ್ತಾನೆ. ತಲುಪಿದ ಸುದ್ದಿ ಮಾತ್ರ ಇನ್ನೂ ಬಂದಿಲ್ಲ.

ಈ ಒಂದೇ ಅರ್ಥದ ಬುತ್ತಿ ಕಟ್ಟಿಕೊಂಡು ಹೊರಟ ವಿದ್ಯಾರ್ಥಿಗೆ ‘ಮೈ ಅಂಕಲ್ ರನ್ಸ್ ಎ ಸ್ಕೂಲ್’ ಎಂಬ ವಾಕ್ಯ ಎದುರಾದರೆ ಅವನು ‘ನಮ್ಮ ಚಿಕ್ಕಪ್ಪ ಶಾಲೆ ಓಡಿಸುತ್ತಾರೆ’ ಎಂದು ಬರೆಯುತ್ತಾನೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ‘ನಡೆಸುತ್ತಾರೆ’ ಎಂದು ತಿದ್ದುತ್ತಾರೆ, ಅರ್ಧ ಅಂಕ ಕಡಿಯುತ್ತಾರೆ. ಪುಸ್ತಕದ ಪ್ರಕಾರ ಮೇಷ್ಟ್ರದೇ ಸರಿ. ಆದರೆ ಮಕ್ಕಳು ಸಾಲದು ಎಂದು ಪಕ್ಕದೂರಿನ ಶಾಲೆಗೆ ವಿಲೀನವಾಗಿ, ಬಾಗಿಲಿಗೆ ಬೀಗ ಬಿದ್ದು, ಜಗಲಿಯ ಮೇಲೆ ಆಡು ಮಲಗಿರುವ ಕನ್ನಡ ಶಾಲೆಗಳನ್ನು ಕಂಡವರಿಗೆ ಹುಡುಗನ ಅನುವಾದದಲ್ಲಿ ತಪ್ಪೇನೂ ಕಾಣುವುದಿಲ್ಲ. ಶಾಲೆಯನ್ನು ಓಡಿಸಿಯೇ ಬಿಟ್ಟಿದ್ದಾರಲ್ಲ. ಕಡಿದ ಅರ್ಧ ಅಂಕ ವಾಪಸು ಕೊಡಬೇಕು.

ಕನ್ನಡದವರು ಮೂಲತಃ ನಿಧಾನಸ್ಥರು. ಇಂಗ್ಲಿಷಿನವನು ಓಡಿಸುವುದನ್ನೆಲ್ಲ ನಾವು ನಡೆಸುತ್ತೇವೆ. ಹೋಟೆಲು ನಡೆಸುತ್ತೇವೆ, ಮಠ ನಡೆಸುತ್ತೇವೆ, ಸಂಸಾರ ನಡೆಸುತ್ತೇವೆ, ಪತ್ರಿಕೆ ನಡೆಸುತ್ತೇವೆ. ಚೀಟಿಯನ್ನೂ ನಡೆಸುತ್ತೇವೆ, ಆಮೇಲೆ ನಾವು ಓಡುತ್ತೇವೆ. ‘ಅಂಗಡಿ ಹೇಗ್ ನಡೀತಿದೆ ಶೆಟ್ರೇ?’ ಅಂದರೆ ‘ಏನೋ, ನಡೀತಿದೆ ಸ್ವಾಮಿ’ ಎಂಬ ಉತ್ತರ ಬರುತ್ತದೆ. ಆ ‘ಏನೋ’ದಲ್ಲಿ ಇಡೀ ಬ್ಯಾಲೆನ್ಸ್ ಶೀಟ್ ಇದೆ. ನಡೆಯುವವನಿಗೆ ಕುಂಟುವ ಹಕ್ಕಿದೆ, ಜಗಲಿ ಸಿಕ್ಕರೆ ಕೂರುವ ಹಕ್ಕಿದೆ. ಓಡುವ ಮರ್ಯಾದೆಯನ್ನು ನಾವು ಬಲು ಲೆಕ್ಕಾಚಾರದಿಂದ ಕೊಡುತ್ತಿದ್ದೆವು. ಸಿನಿಮಾ ಓಡುತ್ತದೆ ಅನ್ನುತ್ತೇವೆ, ಅದಕ್ಕೆ ಕಾರಣವೂ ಇದೆ: 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ತಲೆ ಓಡುತ್ತದೆ, ಓಡದೆಯೂ ಇರುತ್ತದೆ. ಗಾಬರಿಯಾದಾಗ ಕೈಕಾಲೇ ಓಡುವುದಿಲ್ಲ. ಓಡದಿದ್ದಾಗ ‘ಓಡಲಿಲ್ಲ’ ಎಂದು ಒಪ್ಪಿಕೊಳ್ಳುವ ಪದ ನಮ್ಮದು.

ಇಲ್ಲೇ ತೊಂದರೆ. ನಿಂತುಹೋದದ್ದನ್ನು ‘ಓಡುತ್ತಿದೆ’ ಎಂದು ಕನ್ನಡದಲ್ಲಿ ಹೇಳಿದರೆ ಪಕ್ಕದವನು ನಗುತ್ತಾನೆ. ‘ನಡೆಯುತ್ತಿದೆ’ ಅಂದರೆ ‘ಎಲ್ಲಿ, ತೋರ‍್ಸಿ’ ಅನ್ನುತ್ತಾನೆ. ‘ರನ್ನಿಂಗ್‌ನಲ್ಲಿದೆ’ ಎಂದು ಹೇಳಿ ನೋಡಿ. ತಲೆಯಾಡಿಸಿ ಸುಮ್ಮನಾಗುತ್ತಾನೆ. ನಾವು ಈ ಪದವನ್ನು ಸಾಲ ತಂದದ್ದು ಓಡಲಿಕ್ಕಲ್ಲ. ನಿಂತದ್ದಕ್ಕೆ ಹೊದಿಸಲಿಕ್ಕೆ. ಗಿಲಿವರ್ ಅವರ 645ರಲ್ಲಿ ಈ ಅರ್ಥ ಸೇರಿದೆಯೋ ಇಲ್ಲವೋ, ಸೇರದಿದ್ದರೆ 646ನೆಯದನ್ನು ಕರ್ನಾಟಕದ ಕೊಡುಗೆಯಾಗಿ ದಯಮಾಡಿ ಸ್ವೀಕರಿಸಬೇಕು.

ಪಕ್ಕದ ಮನೆಯವರ ವಯಸ್ಸು ಕೇಳಿ. ‘45 ರನ್ನಿಂಗ್’ ಅನ್ನುತ್ತಾರೆ. ಈ ನಾಡಿನಲ್ಲಿ ರನ್ನಿಂಗ್ ಎಂಬ ಹಣೆಪಟ್ಟಿ ಹಚ್ಚಿಕೊಂಡು ನಿಜಕ್ಕೂ ಓಡುತ್ತಿರುವುದು ಇದೊಂದೇ, ಅದನ್ನೂ ನಿಲ್ಲಿಸಬೇಕೆಂದು ಎಲ್ಲರಿಗೂ ಆಸೆ. ಮದುವೆ ಬ್ರೋಕರ ಕೈಯಲ್ಲಿ ಅದೂ ನಿಲ್ಲುತ್ತದೆ. ಅವರ ಪಟ್ಟಿಯಲ್ಲಿ ‘29 ರನ್ನಿಂಗ್’ ಆಗಿರುವ ವರಗಳು ಕಳೆದ ಚುನಾವಣೆಯಲ್ಲೂ 29 ರನ್ನಿಂಗೇ ಆಗಿದ್ದರು. ಕಾಲೇಜಿನಲ್ಲಿ ‘ರನ್ನಿಂಗ್ ನೋಟ್ಸ್’ ಇದೆ: ಕುರ್ಚಿಯಲ್ಲಿ ಕೂತ ಲೆಕ್ಚರರು ಹಳದಿಯಾದ ಹಾಳೆ ಓದುತ್ತಾರೆ, ಮಕ್ಕಳ ಕೈ ಓಡುತ್ತದೆ, ಯಾರ ತಲೆಯೂ ಓಡುವುದಿಲ್ಲ. ನಾಲ್ಕು ಗೆರೆಯ ಕಾಪಿಯಲ್ಲಿ ತಿದ್ದಿದ ‘ರನ್ನಿಂಗ್ ಲೆಟರ್’ ವೈದ್ಯರ ಚೀಟಿಯಲ್ಲಿ ಮೋಕ್ಷ ಕಾಣುತ್ತದೆ. ಬಡಗಿ ಅಡುಗೆಮನೆಯ ಕಪಾಟಿಗೆ ‘ರನ್ನಿಂಗ್ ಫೀಟ್’ ಲೆಕ್ಕದಲ್ಲಿ ರೇಟು ಹೇಳಿ, ಮುಂಗಡ ತಗೊಂಡು, ಫೀಟನ್ನು ನಮ್ಮ ಮನೆಯಲ್ಲೇ ಬಿಟ್ಟು ರನ್ನಿಂಗನ್ನು ತಾನು ಒಯ್ಯುತ್ತಾನೆ.

ಆದರೆ ಇವೆಲ್ಲ ಚಿಲ್ಲರೆ. ದೊಡ್ಡ ನೋಟು ‘ರನ್ನಿಂಗ್ ವಾಟರ್’.

ಬೆಂಗಳೂರಿನ ಟು-ಲೆಟ್ ಬೋರ್ಡುಗಳ ಸಾಹಿತ್ಯವನ್ನು ಓದಿದವರಿಗೆ ‘24 ಗಂಟೆ ಕಾವೇರಿ ರನ್ನಿಂಗ್ ವಾಟರ್’ ಎಂಬ ಸಾಲು ಬಾಯಿಪಾಠ. ಈ ಕಾವೇರಿಯ ಪಾಡು ಒಂದಿಷ್ಟು ಕೇಳಿ. ಎಲ್ಲ ನದಿಗಳೂ ಇಳಿಯುವ ದಿಕ್ಕಿಗೆ ಹರಿದರೆ ಇದು ಹತ್ತುತ್ತದೆ. ಸುಮಾರು 100 ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಲ್ಲಿ ಪಂಪು ಮೊದಲ ಸಲ ಹಿಂದಿನಿಂದ ತಳ್ಳಿದರೆ ಹಾರೋಹಳ್ಳಿಯಲ್ಲಿ ಇನ್ನೊಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ. ಹೀಗೆ ಸುಮಾರು 500 ಮೀಟರ್ ಎತ್ತರ ಏದುಸಿರು ಬಿಟ್ಟುಕೊಂಡು ಹತ್ತಿ ಊರು ಸೇರುವ ನೀರು, ಸೇರಿದ ಮೇಲೆ ಮೂರನೇ ಮಹಡಿಯ ನಲ್ಲಿಗೆ ಬರಲು ನಿರಾಕರಿಸುತ್ತದೆ. ದಣಿವಾಗಿರುತ್ತದೆ, ಪಾಪ. 2024ರ ಬೇಸಿಗೆಯಲ್ಲಂತೂ ಬೋರ್‌ವೆಲ್ಲುಗಳೂ ಕೈಚೆಲ್ಲಿ ಊರಿಗೆ ಊರೇ ಟ್ಯಾಂಕರಿನ ದಾರಿ ಕಾಯಿತು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ಯೋಜನೆ. ಅಂಕಿ ಕೇಳಿ ಬಾಯಲ್ಲಿ ನೀರು ಬಂತು. ಆ ಮಟ್ಟಿಗೆ ಯೋಜನೆ ಫಲ ಕೊಟ್ಟಿತು ಎನ್ನಬಹುದು.

ಮನೆ ನೋಡಲು ಹೋದವರ ಸಂಭಾಷಣೆಯೂ ಎಲ್ಲ ಬಡಾವಣೆಯಲ್ಲಿ ಒಂದೇ ಥರ.

‘ನೀರು ಹೇಗೆ ಆಂಟಿ?’

‘ರನ್ನಿಂಗ್ ವಾಟರ್ ಕಣಪ್ಪ. ಬೋರ್ಡ್ ನೋಡ್ಲಿಲ್ವಾ?’

‘ದಿನಾ ಬರುತ್ತಾ?’

‘ಕಾವೇರಿ ವಾರಕ್ಕೆ ಎರಡು ಸಲ. ರಾತ್ರಿ ಹನ್ನೆರಡರ ಮೇಲೆ ಬಿಡ್ತಾರೆ. ಸಂಪಿಗೆ ತುಂಬ್ಕೋಬೇಕು. ಮೋಟರ್ ನಾನೇ ಹಾಕ್ತೀನಿ, ಬೆಳಗ್ಗೆ ಅರ್ಧ ಗಂಟೆ.’

‘ಹಾಗಾದ್ರೆ ರನ್ನಿಂಗ್ ಅಂದ್ರೆ?’

‘ಆ ಅರ್ಧ ಗಂಟೇಲಿ ಓಡ್‌ಬಂದು ಹಿಡ್ಕೋಬೇಕು, ಅದಕ್ಕೇ.’

ಆಂಟಿಯ ನಿಘಂಟು ಆಕ್ಸ್‌ಫರ್ಡಿನದಕ್ಕಿಂತ ಸ್ಪಷ್ಟವಾಗಿದೆ. ವಾಕ್ಯದಲ್ಲಿ ಕರ್ತೃ ಯಾರು ಎಂಬುದೇ ಪ್ರಶ್ನೆ. ನೀರು ಓಡುತ್ತದೆ ಎಂದು ನಾವು ತಿಳಿದಿದ್ದೆವು, ಬಾಡಿಗೆದಾರ ಓಡುತ್ತಾನೆ.

ಕರ್ತೃ ಬದಲಾಗುವ ಈ ಚಮತ್ಕಾರವನ್ನು ಸರಿಯಾಗಿ ಬಲ್ಲವರು ಲೋಕೋಪಯೋಗಿ ಇಲಾಖೆಯ ಕಾಂಟ್ರಾಕ್ಟರುಗಳು. ‘30 ದಿನದಲ್ಲಿ ಸ್ಪೋಕನ್ ಇಂಗ್ಲಿಷ್’ ಎಂದು ಬೋರ್ಡು ಹಾಕಿಕೊಂಡು ಬೇಕರಿಯ ಮಹಡಿ ಮೇಲೆ ನಡೆಯುವ ಒಂದು ಕ್ಲಾಸನ್ನು ಕಲ್ಪಿಸಿಕೊಳ್ಳಿ. ಮೇಡಂ ಆ ದಿನ ‘ರನ್’ ಪದವನ್ನು ಬೋರ್ಡಿನ ಮೇಲೆ ಬರೆದಿದ್ದಾರೆ. ಮುಂದಿನ ಬೆಂಚಿನಲ್ಲಿ ಐವತ್ತು ದಾಟಿದ, ಬಿಳಿ ಶರ್ಟಿನ, ಎರಡು ಫೋನಿನ ಕ್ಲಾಸ್-ವನ್ ಕಾಂಟ್ರಾಕ್ಟರ್. ‘ಒಂದು ಸೆಂಟೆನ್ಸ್ ಹೇಳಿ ಸರ್’ ಅಂದರು ಮೇಡಂ.

‘ಮೈ ಬಿಲ್ ಈಸ್ ರನ್ನಿಂಗ್ ಸಿನ್ಸ್ ತ್ರೀ ಇಯರ್ಸ್.’

‘ತಪ್ಪು. ಮೈ ಬಿಲ್ ಹ್ಯಾಸ್ ಬೀನ್ ರನ್ನಿಂಗ್ ಫಾರ್ ತ್ರೀ ಇಯರ್ಸ್.’

‘ಗ್ರಾಮರ್ ನೀವು ಸರಿ ಮಾಡಿದ್ರಿ ಮೇಡಂ. ಬಿಲ್ ಯಾರು ಸರಿ ಮಾಡ್ತಾರೆ?’

ಮೇಡಮ್ಮಿಗೆ ಅರ್ಥವಾಗಲಿಲ್ಲ. ಅವರಿಗೆ ಬಿಲ್ ಅಂದರೆ ಕರೆಂಟಿನದು. ಕಾಂಟ್ರಾಕ್ಟರು ವಿವರಿಸಿದರು. ಸರ್ಕಾರಿ ಕೆಲಸದಲ್ಲಿ ರಸ್ತೆ ಪೂರ್ತಿ ಮುಗಿಯುವ ತನಕ ದುಡ್ಡಿಗೆ ಕಾಯಬೇಕಿಲ್ಲ. ಆದಷ್ಟು ಕೆಲಸವನ್ನು ಅಳತೆ ಪುಸ್ತಕದಲ್ಲಿ, ಅಂದರೆ ಎಂಬಿಯಲ್ಲಿ, ಬರೆಸಿ ‘ರನ್ನಿಂಗ್ ಅಕೌಂಟ್ ಬಿಲ್’ ಹಾಕಬಹುದು. ಜನ ಅದನ್ನು ಆರ್‌ಎ ಬಿಲ್ ಅನ್ನುತ್ತಾರೆ. ಒಂದನೇ ಆರ್‌ಎ, ಎರಡನೇ ಆರ್‌ಎ, ಹೀಗೆ ಸಾಗಿ ಕೊನೆಗೆ ಫೈನಲ್ ಬಿಲ್. ‘ಜೆಇ ಅಳೀಬೇಕು, ಎಇಇ ಚೆಕ್ ಮಾಡ್ಬೇಕು, ಇಇ ಸೈನ್ ಹಾಕ್ಬೇಕು, ಆಮೇಲೆ ಅಕೌಂಟ್ಸು. ಬಿಲ್ ಎಲ್ಲೂ ಓಡಲ್ಲ ಮೇಡಂ. ಅದು ಟೇಬಲ್ ಮೇಲೆ ತಣ್ಣಗೆ ಮಲಗಿರುತ್ತೆ. ಟೇಬಲ್ಲಿಂದ ಟೇಬಲ್ಲಿಗೆ ನಾನ್ ಓಡ್ತೀನಿ.’

‘ಹಾಗಾದ್ರೆ ಸೆಂಟೆನ್ಸ್ ಹೀಗಾಗ್ಬೇಕು: ಐ ರನ್ ದ ಬಿಲ್. ಇಲ್ಲಿ ರನ್ ಸಕರ್ಮಕ. ಕರ್ಮ ಇದೆ.’

‘ಕರ್ಮ ಇದ್ದೇ ಇದೆ ಮೇಡಂ. ಅದಕ್ಕೆ ಪರ್ಸೆಂಟೇಜೂ ಇದೆ.’

ಪರ್ಸೆಂಟೇಜಿನ ವಿವರಕ್ಕೆ ಮೇಡಂ ಹೋಗಲಿಲ್ಲ, ಸಿಲಬಸ್ಸಿನಲ್ಲಿ ಇರಲಿಲ್ಲ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ ಪ್ರಧಾನಿಯವರಿಗೇ ಪತ್ರ ಬರೆದು 40 ಪರ್ಸೆಂಟಿನ ಆರೋಪ ಮಾಡಿತ್ತು. ಆ ಅಂಕಿ ಮುಂದಿನ ಚುನಾವಣೆಯ ಘೋಷಣೆಯಾಯಿತು, ಪೋಸ್ಟರಾಯಿತು, ಸರ್ಕಾರವೂ ಬದಲಾಯಿತು. ಬಾಕಿ ಬಿಲ್ಲಿಗಾಗಿ ಕಾಂಟ್ರಾಕ್ಟರುಗಳು ಅಲೆಯುವುದು ಮಾತ್ರ ಯಾವ ಪಕ್ಷ ಬಂದರೂ ಚಾಲ್ತಿಯಲ್ಲಿದೆ. ಕ್ಷಮಿಸಿ, ರನ್ನಿಂಗ್‌ನಲ್ಲಿದೆ.

ಅಂದಹಾಗೆ ಮೇಡಂ ತಿದ್ದಿಕೊಟ್ಟ ‘ಹ್ಯಾಸ್ ಬೀನ್ ರನ್ನಿಂಗ್’ ಎಂಬುದಕ್ಕೆ ವ್ಯಾಕರಣದಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್ ಎಂದು ಹೆಸರು. ಹಿಂದೆಂದೋ ಶುರುವಾಗಿ, ಈಗಲೂ ಮುಗಿಯದೆ, ಮುಂದೆಯೂ ಹೀಗೇ ಇರಬಹುದಾದ ಕ್ರಿಯೆಗೆ ಈ ಕಾಲ. ಕನ್ನಡದ ಮಕ್ಕಳಿಗೆ ಇದು ತಲೆಗೆ ಹತ್ತುವುದಿಲ್ಲ ಎಂದು ಇಂಗ್ಲಿಷ್ ಮೇಷ್ಟ್ರುಗಳು ಗೋಳಾಡುತ್ತಾರೆ. ಮಕ್ಕಳನ್ನು ಕೋರಮಂಗಲಕ್ಕೆ ಕರೆದುಕೊಂಡು ಹೋಗಿ ಈಜಿಪುರ ಫ್ಲೈಓವರಿನ ಕೆಳಗೆ ನಿಲ್ಲಿಸಬಾರದೇ? ಎರಡೂವರೆ ಕಿಲೋಮೀಟರ್ ಉದ್ದ, 2017ರಲ್ಲಿ ಶುರು. ಮೊದಲ ಗುತ್ತಿಗೆ ರದ್ದಾಗಿ, ಇನ್ನೊಬ್ಬರು ಬಂದು, ನಡುವೆ ವರ್ಷಗಟ್ಟಲೆ ಕಂಬಗಳು ತಲೆಯ ಮೇಲೆ ಏನೂ ಇಲ್ಲದೆ ಬಿಸಿಲು ಕಾಯಿಸುತ್ತಿದ್ದವು. ಇಷ್ಟು ಖರ್ಚಿನಲ್ಲಿ ಇಷ್ಟು ದೊಡ್ಡ ಬೋಧನೋಪಕರಣ ಬೇರೆ ಯಾವ ರಾಜ್ಯದ ಶಿಕ್ಷಣ ಇಲಾಖೆಗೂ ಸಿಕ್ಕಿಲ್ಲ.

ಆಕ್ಸ್‌ಫರ್ಡಿಗೆ ಮರಳಿದರೆ ಅಲ್ಲೊಂದು ಸ್ವಾರಸ್ಯವಿದೆ. ಆ ನಿಘಂಟಿನಲ್ಲಿ ಅತಿ ಹೆಚ್ಚು ಜಾಗ ಕಬಳಿಸುವ ಪದವಿ ಮೊದಲು ‘ರನ್’ನದಾಗಿರಲಿಲ್ಲ. 1928ರಲ್ಲಿ ಮುಗಿದ ಮೊದಲ ಆವೃತ್ತಿಯಲ್ಲೂ, 1989ರ ಎರಡನೆಯದರಲ್ಲೂ ಆ ಗದ್ದುಗೆ ‘ಸೆಟ್’ ಎಂಬ ಕ್ರಿಯಾಪದದ್ದು. ಈಗಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಕೆಳಗಿಳಿಸಿತು. 2011ರಲ್ಲಿ ಲೇಖಕ ಸೈಮನ್ ವಿಂಚೆಸ್ಟರ್ ಈ ಅಧಿಕಾರ ಬದಲಾವಣೆಗೆ ಕಾರಣ ಹುಡುಕಿದರು. ಕೈಗಾರಿಕೆ ಬಂತು, ಯಂತ್ರ ಬಂತು, ರೈಲು ಬಂತು, ಆಮೇಲೆ ಕಂಪ್ಯೂಟರ್ ಬಂತು. ಎಲ್ಲಕ್ಕೂ ಓಡುವ ಪದವೇ ಬೇಕಾಯಿತು. ಇಟ್ಟಲ್ಲೇ ಇರುವ ‘ಸೆಟ್’ ಹಳೆಯ ಜಡ ಕಾಲದ್ದು, ‘ರನ್’ ಈ ಕಾಲದ ಚುರುಕಿನದು ಎಂಬ ಅರ್ಥದಲ್ಲಿ ಬರೆದರು.

ಇಂಗ್ಲೆಂಡಿನ ಮಟ್ಟಿಗೆ ಇದು ಸರಿಯಿರಬಹುದು. ಇಲ್ಲಿ ಎರಡೂ ಒಟ್ಟಿಗೇ ರಾಜ್ಯಭಾರ ಮಾಡುತ್ತಿವೆ. ‘ಸೆಟ್ ಮಾಡ್ಕೊಂಡ್ರಾ?’ ಎಂಬ ಪ್ರಶ್ನೆಯನ್ನು ಯಾವುದಾದರೂ ಕಚೇರಿಯ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳಿ. ನಮ್ಮ ಕಾಂಟ್ರಾಕ್ಟರ ಅನುಭವದಲ್ಲಿ ಮೊದಲು ಸೆಟ್ ಆಗಬೇಕು, ಆಮೇಲೆ ರನ್ ಆಗುತ್ತದೆ. ವಿಂಚೆಸ್ಟರ್ ಎರಡು ಯುಗಗಳೆಂದು ತಿಳಿದದ್ದು ಒಂದೇ ಫೈಲಿನ ಎರಡು ಪುಟಗಳು. ಇನ್ನು ಕಂಪ್ಯೂಟರಿನ ಮಾತಿಗೆ ಬಂದರೆ, ಎಲೆಕ್ಟ್ರಾನಿಕ್ ಸಿಟಿಯ ಹುಡುಗರು ‘ಕೋಡ್ ರನ್ ಮಾಡ್ದೆ, ಫೇಲ್ ಆಯ್ತು, ಮತ್ತೆ ರನ್ ಮಾಡ್ದೆ’ ಎಂದು ಬೆಳಗಿನಿಂದ ರಾತ್ರಿಯವರೆಗೆ ರನ್ ಮಾಡುತ್ತಲೇ ಇರುತ್ತಾರೆ. ಮೂವತ್ತು ರನ್ನಿಂಗ್ ಆಗುವಷ್ಟರಲ್ಲಿ ಸಕ್ಕರೆ ಕಾಯಿಲೆ ಹತ್ತಿರ ಬಂದಿರುತ್ತದೆ. ಡಾಕ್ಟರು ‘ಸ್ವಲ್ಪ ನಡೀರಪ್ಪ’ ಅನ್ನುತ್ತಾರೆ. ಅಚ್ಚ ಕನ್ನಡದಲ್ಲಿ.

ರೈಲ್ವೆಯವರು ಇನ್ನೂ ಒಂದು ಹೆಜ್ಜೆ ಮುಂದೆ. ರೈಲು ಓಡಿಸುವ ಲೋಕೋಪೈಲಟ್, ಗಾರ್ಡ್ ಇವರೆಲ್ಲ ‘ರನ್ನಿಂಗ್ ಸ್ಟಾಫ್’. ಅವರಿಗೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ರನ್ನಿಂಗ್ ಅಲೋಯನ್ಸ್. ಇಲ್ಲಿವರೆಗೆ ತಕರಾರಿಲ್ಲ. ಹುಬ್ಬಳ್ಳಿ, ಅರಸೀಕೆರೆಯಂಥ ಜಂಕ್ಷನ್ನುಗಳಲ್ಲಿ ‘ರನ್ನಿಂಗ್ ರೂಮ್’ ಎಂಬ ಬೋರ್ಡಿರುತ್ತದೆ. ಒಳಗೆ ಯಾರೂ ಓಡುವುದಿಲ್ಲ. ಅದು ಡ್ಯೂಟಿ ಮುಗಿಸಿದವರು ಮಲಗುವ ಕೋಣೆ. ಈ ಪಟ್ಟಿಯಲ್ಲಿ ನಾನು ಪೂರ್ತಿ ಮನಸ್ಸಿನಿಂದ ಒಪ್ಪುವ ರನ್ನಿಂಗ್ ಇದೊಂದೇ. ರಾತ್ರಿಯೆಲ್ಲ ಸಿಗ್ನಲ್ ದಿಟ್ಟಿಸಿಕೊಂಡು ಸಾವಿರಾರು ಜನರನ್ನು ಊರು ಮುಟ್ಟಿಸಿದವರು ಹೊದ್ದು ಮಲಗಿದರೆ ಅದನ್ನು ಏನೆಂದು ಬೇಕಾದರೂ ಕರೆಯಲಿ. ರಾಜ್ಯದ ಉಳಿದ ಕಚೇರಿಗಳು ಮಾತ್ರ ಆ ಬೋರ್ಡು ಹಾಕಿಕೊಳ್ಳದೆಯೇ ಆ ಸೌಲಭ್ಯ ಅನುಭವಿಸುತ್ತಿವೆ.

ಹಾಗೆಂದು ಓಡದೆ ಓಡುವ ವಿದ್ಯೆ ನಮ್ಮದೇ ಸಂಶೋಧನೆ ಎಂದು ಬೀಗುವಂತಿಲ್ಲ. ಇಂಗ್ಲಿಷರೇ ಕ್ರಿಕೆಟ್ಟಿನಲ್ಲಿ ಅದನ್ನು ನಿಯಮವಾಗಿ ಬರೆದಿಟ್ಟಿದ್ದಾರೆ. ವಿಕೆಟ್ಟುಗಳ ನಡುವೆ ಬೆವರಿಳಿಸಿ ಓಡಿದವನಿಗೆ ಒಂದು, ಇಲ್ಲ ಎರಡು. ನಿಂತಲ್ಲೇ ನಿಂತು ಗೆರೆ ದಾಟಿಸಿದವನಿಗೆ ನಾಲ್ಕು ಅಥವಾ ಆರು. ಎಲ್ಲದಕ್ಕೂ ಹೆಸರು ರನ್. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಸ್ ಗೇಲ್ ಬೆಂಗಳೂರು ತಂಡಕ್ಕೆ 66 ಎಸೆತಗಳಲ್ಲಿ ಔಟಾಗದೆ 175 ರನ್ ಹೊಡೆದರು. ಬೌಂಡರಿ 13, ಸಿಕ್ಸರ್ 17. ಕೂಡಿಸಿ ನೋಡಿ, 154 ಆಗುತ್ತದೆ. ಕಾಲು ಕಿತ್ತಿಟ್ಟು ಗಳಿಸಿದ್ದು ಬರೀ 21. ಸ್ಟೇಡಿಯಮ್ಮಿನ ಆಚೆ ಕಬ್ಬನ್ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದವರು ಅಷ್ಟು ಹೊತ್ತಿನಲ್ಲಿ ಗಳಿಸಿದ ದೂರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇರಲಿಕ್ಕಿಲ್ಲ.

ರಸ್ತೆಯ ಮಾತು ಬಂತಲ್ಲ. 2022ರ ಮೇ 15ರಂದು ಬೆಂಗಳೂರಿನ ವರ್ಲ್ಡ್ 10ಕೆ ಓಟದಲ್ಲಿ ಕೀನ್ಯಾದ ನಿಕೊಲಸ್ ಕಿಮೇಲಿ 10 ಕಿಲೋಮೀಟರನ್ನು 27 ನಿಮಿಷ 38 ಸೆಕೆಂಡಿನಲ್ಲಿ ಓಡಿ ಕೂಟದಾಖಲೆ ಬರೆದರು. ಸಂಚಾರ ಅಳೆಯುವ ಟಾಮ್‌ಟಾಮ್ ಸಂಸ್ಥೆ ಅದೇ ವರ್ಷದ ಲೆಕ್ಕ ಕೊಟ್ಟಾಗ, ಬೆಂಗಳೂರಿನ ಕೇಂದ್ರಭಾಗದಲ್ಲಿ 10 ಕಿಲೋಮೀಟರ್ ದಾಟಲು ವಾಹನಕ್ಕೆ ಸರಾಸರಿ 29 ನಿಮಿಷ 10 ಸೆಕೆಂಡು ಬೇಕೆಂದು ಗೊತ್ತಾಯಿತು. ಮನುಷ್ಯ ಕಾರಿಗಿಂತ ಒಂದೂವರೆ ನಿಮಿಷ ಮುಂದೆ. ಕಾರಿನ ಎಂಜಿನ್ ಮಾತ್ರ ಅಷ್ಟೂ ಹೊತ್ತು ರನ್ನಿಂಗಿನಲ್ಲೇ ಇತ್ತು, ಪೆಟ್ರೋಲಿನ ಸಾಕ್ಷಿಯಿದೆ. ಇಂಥ ಊರಿನಲ್ಲಿ ‘ಐ ಆಮ್ ರನ್ನಿಂಗ್ ಲೇಟ್’ ಎಂದು ಸ್ಟೀರಿಂಗ್ ಹಿಡಿದು ಕೂತು ಮೆಸೇಜು ಕಳಿಸುವವರ ಮೇಲೆ ಸುಳ್ಳು ಹೇಳಿದ ಕೇಸು ಹಾಕಬಹುದು. ಲೇಟ್ ಎಂಬುದಷ್ಟೇ ಅದರಲ್ಲಿ ನಿಜ.

ಓಟದ ಉದ್ಘಾಟಕರನ್ನು ಮರೆಯಬಾರದು. ಏಕತೆಗಾಗಿ ಓಟ ಎಂದು 2014ರಿಂದ ಅಕ್ಟೋಬರ್ 31ರ ಸುಮಾರಿಗೆ ದೇಶವೇ ಓಡುತ್ತದೆ. ಆರೋಗ್ಯಕ್ಕಾಗಿ, ಕೆರೆಗಾಗಿ, ಹೆಲ್ಮೆಟ್ಟಿಗಾಗಿ ಬೇರೆ ಬೇರೆ ಭಾನುವಾರಗಳಿವೆ. ಗಣ್ಯರು ಬಿಳಿ ಬೂಟು, ಹೊಸ ಟೀಶರ್ಟು, ಒಳಗಿನ ಪಂಚೆಯ ನೆನಪು ಇವಿಷ್ಟರಲ್ಲಿ ಬರುತ್ತಾರೆ. ಬಾವುಟ ಬೀಸುತ್ತಾರೆ. ಕ್ಯಾಮೆರಾ ಹಿಂದೆ ಸರಿಯುತ್ತ ಹೋಗುವಷ್ಟು ದೂರ ಓಡುತ್ತಾರೆ. ಕ್ಯಾಮೆರಾ ನಿಂತಲ್ಲಿ ಕಾರು ನಿಂತಿರುತ್ತದೆ.

ಬ್ಯಾಂಕಿನ ‘ರನ್’ ಇನ್ನೊಂದು ಬಗೆ. ಬ್ಯಾಂಕ್ ರನ್ ಅಂದರೆ ಬ್ಯಾಂಕು ಚೆನ್ನಾಗಿ ಓಡುತ್ತಿದೆ ಎಂದಲ್ಲ, ದುಡ್ಡಿಟ್ಟವರು ಬ್ಯಾಂಕಿಗೆ ಓಡುತ್ತಿದ್ದಾರೆ ಎಂದು. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, ಯಾರೂ 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಬಸವನಗುಡಿಯ ನಿವೃತ್ತರು ಈ ಅರ್ಥವನ್ನು ಯಾವ ಕೋಚಿಂಗ್ ಕ್ಲಾಸಿಗೂ ಹೋಗದೆ ಕಲಿತರು. ಮೊಣಕಾಲು ನೋವಿನವರೇ ಹೆಚ್ಚು, ಓಡಿ ಬಂದು ಕ್ಯೂನಲ್ಲಿ ನಿಂತರು. ಸಾಲ ಕೊಟ್ಟ ಬ್ಯಾಂಕುಗಳಿಗೇ ಓಟ ಕಲಿಸಿದ ನಮ್ಮೂರಿನ ಉದ್ಯಮಿಯ ಕತೆ ಬೇರೆ. ವಿಜಯ್ ಮಲ್ಯ 2016ರ ಮಾರ್ಚಿನಲ್ಲಿ ವಿಮಾನದಲ್ಲಿ ಕೂತು ಲಂಡನ್ನಿಗೆ ಹೋದರು. 2019ರ ಜನವರಿಯಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಪರಾರಿಯಾದ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ತಾವು ಓಡಿಹೋಗಿಲ್ಲ ಎಂಬುದು ಅವರ ವಾದ. ಕೂತು ಹೋದವರು ಓಡಿಹೋದರು ಎನ್ನುವುದು ಹೇಗೆ ಎಂಬ ವ್ಯಾಕರಣದ ತಕರಾರು ಅದರಲ್ಲಿ ಅಡಗಿರಬಹುದು.

ಕೊನೆಗೆ ಚುನಾವಣೆ. ಇಲ್ಲಿ ಇಂಗ್ಲಿಷಿನೊಳಗೇ ಒಮ್ಮತವಿಲ್ಲ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾನೆ, ಬ್ರಿಟನ್ನಿನವನು ‘ಸ್ಟ್ಯಾಂಡ್’ ಮಾಡುತ್ತಾನೆ. ಕನ್ನಡ ಬ್ರಿಟಿಷರ ಪಕ್ಷ. ನಮ್ಮವರು ಚುನಾವಣೆಗೆ ನಿಲ್ಲುತ್ತಾರೆ. ಟಿಕೆಟ್ಟಿಗೆ ಕಾದು ನಿಲ್ಲುತ್ತಾರೆ, ಕೈಮುಗಿದು ನಿಲ್ಲುತ್ತಾರೆ, ತೆರೆದ ವಾಹನದಲ್ಲಿ ಸೇಬಿನ ಹಾರ ಹಾಕಿಸಿಕೊಂಡು ನಿಲ್ಲುತ್ತಾರೆ. ನಿಂತು ಗೆಲ್ಲುತ್ತಾರೆ. ಅಮೆರಿಕದವನು ಗೆಲ್ಲುವ ತನಕ ಓಡಿ, ಗೆದ್ದ ಮೇಲೆ ಕುರ್ಚಿಯಲ್ಲಿ ಕೂರುತ್ತಾನೆ. ನಮ್ಮವರ ಓಟ ಶುರುವಾಗುವುದೇ ಗೆದ್ದ ಮೇಲೆ.

2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು ಓಡಿ ಬಂದು ಬಿಡದಿಯ ರೆಸಾರ್ಟ್ ಸೇರಿದರು, ನಾವು ಅತಿಥಿಸತ್ಕಾರ ಮಾಡಿದೆವು. 2018ರ ಮೇ ತಿಂಗಳಲ್ಲಿ ನಮ್ಮ ಶಾಸಕರೇ ಬಿಡದಿಯಿಂದ ಬಸ್ಸು ಹತ್ತಿ ರಾತ್ರೋರಾತ್ರಿ ಹೈದರಾಬಾದಿಗೆ ಹೋದರು. 2019ರ ಜುಲೈಯಲ್ಲಿ ಇನ್ನೊಂದು ತಂಡ ಮುಂಬೈಯ ಹೋಟೆಲ್ ಸೇರಿತು. ಅವರನ್ನು ಕಾಣಲು ಹೋದ ಇಲ್ಲಿನ ಮಂತ್ರಿಯನ್ನು ಪೊಲೀಸರು ಗೇಟಿನಲ್ಲೇ ತಡೆದು ಮಳೆಯಲ್ಲಿ ನಿಲ್ಲಿಸಿದರು. ಎಲ್ಲ ಸಲವೂ ವಾಹನ ಎಸಿ, ಸೀಟು ಒರಗುವಂಥದ್ದು. ಯಾರ ಕಾಲಿಗೂ ಧೂಳು ತಗುಲಲಿಲ್ಲ. ಮೈತ್ರಿ ಸರ್ಕಾರವನ್ನು ನಡೆಸುತ್ತೇವೆ ಎಂದು ಬಂದವರ ಕೈಯಿಂದ ಅದನ್ನು ಓಡಿಸಿದವರು ಹೀಗೆ ಕೂತುಕೊಂಡೇ ಓಡಿಸಿದರು. ನಮ್ಮ ಚಿಕ್ಕಪ್ಪ ಶಾಲೆ ಓಡಿಸುತ್ತಾರೆ ಎಂದು ಬರೆದ ಹುಡುಗ ಆ ಜುಲೈಯಲ್ಲಿ ಎಲ್ಲಿದ್ದನೋ, ಟಿವಿ ನೋಡಿ ತನ್ನ ವ್ಯಾಕರಣದ ಮೇಲೆ ಭರವಸೆ ಬಂದಿರಬೇಕು.

ಹೀಗೆ ಓಡಿ ಶಾಸಕ ಸ್ಥಾನಕ್ಕೆ ಅನರ್ಹರಾದವರ ಕ್ಷೇತ್ರಗಳಲ್ಲಿ 15ಕ್ಕೆ ಅದೇ ವರ್ಷ ಡಿಸೆಂಬರ್ 5ರಂದು ಉಪಚುನಾವಣೆ ಬಂತು. ಓಡಿದವರಲ್ಲಿ ಹೆಚ್ಚಿನವರು ಪಕ್ಷ ಬದಲಿಸಿಕೊಂಡು ಮತ್ತೆ ನಿಂತರು. 12 ಕ್ಷೇತ್ರ ಬಿಜೆಪಿಗೆ ಹೋದವು. ಓಟ ಕಿತ್ತವರಿಗೆ ಓಟು ಬಿತ್ತು. 2020ರ ಫೆಬ್ರುವರಿ 6ರಂದು ಅವರಲ್ಲಿ ಹತ್ತು ಮಂದಿ ಮಂತ್ರಿಗಳಾಗಿ ಪ್ರಮಾಣ ಸ್ವೀಕರಿಸಿ ಸರ್ಕಾರ ನಡೆಸತೊಡಗಿದರು. ಓಡಿಸುವ ಕೆಲಸ ಆಗಲೇ ಮುಗಿದಿತ್ತು.